ಇಮ್ಮಡಿ ಮೀನಿನ ಕಥೆ

ಹಿಮದಡಿ ಆಮ್ಲಜನಕವಿಲ್ಲದೆ ತಿಂಗಳುಗಟ್ಟಲೆ ಬದುಕುವ ಮೀನು ಮೈಯಲ್ಲೇ ಮದ್ಯ ತಯಾರಿಸುತ್ತದೆ. ಅಕ್ವೇರಿಯಂನ ಗೋಲ್ಡ್‌ಫಿಶ್‌ಗೆ ಜೋಡಿ ಬಾಲ. ನಮ್ಮ ಕೆರೆಯ ಸಾಮಾನ್ಯ ಗೆಂಡೆಗೂ ತುಂಗೆಯ ದೇವರ ಮೀನಿಗೂ ರೋಹುವಿನ ಎರಡರಷ್ಟು ವರ್ಣತಂತು. ಇಡೀ ಜೀನೋಮೇ ದುಪ್ಪಟ್ಟಾದ ಒಂದು ಎಡವಟ್ಟು ಸಿಹಿನೀರಿನ ಮೀನುಗಳಿಗೆ ಏನೆಲ್ಲ ಕೊಟ್ಟಿತು? ಏನು ಕೊಡಲಿಲ್ಲ?

ನಮ್ಮಲ್ಲಿ ಎಳ್ಳುಬೆಲ್ಲ ಬೀರುವ ಹೊತ್ತಿಗೆ ನಾರ್ವೆಯ ಓಸ್ಲೊ ಸುತ್ತಮುತ್ತಲ ಕೊಳಗಳ ಮೇಲೆ ಮಕ್ಕಳು ಜಾರಾಟ ಆಡುತ್ತಿರುತ್ತಾರೆ. ನೀರಿನ ಮೇಲ್ಮೈ ಕಲ್ಲಿನಂತೆ ಗಟ್ಟಿ, ಅದರ ಮೇಲೆ ಹಿಮದ ಹೊದಿಕೆ. ಬೆಳಕು ಕೆಳಗಿಳಿಯುವುದಿಲ್ಲ, ಹಾಗಾಗಿ ಪಾಚಿ ಆಮ್ಲಜನಕ ಬಿಡುವುದಿಲ್ಲ. ಹೊರಗಿನ ಗಾಳಿ ನೀರನ್ನು ಮುಟ್ಟುವುದಿಲ್ಲ. ತಳದಲ್ಲಿ ಕೊಳೆಯುವ ಎಲೆಗಳು ಇದ್ದಬದ್ದ ಆಮ್ಲಜನಕವನ್ನೂ ಹೀರಿ ಮುಗಿಸುತ್ತವೆ.

ಅಂಥ ಕೊಳದಲ್ಲಿ ಬೇರೆ ಮೀನುಗಳು ಉಸಿರುಗಟ್ಟಿ ಸಾಯುತ್ತವೆ. ಒಂದು ಮಾತ್ರ ಉಳಿಯುತ್ತದೆ. ಅಂಗೈ ಅಗಲದ, ಕಂಚಿನ ಬಣ್ಣದ ಕ್ರೂಷಿಯನ್ ಗೆಂಡೆ. ಅದು ಒಂದೆರಡು ದಿನವಲ್ಲ, ವಸಂತ ಬಂದು ಹಿಮ ಕರಗುವವರೆಗೆ, ತಿಂಗಳುಗಟ್ಟಲೆ, ಆಮ್ಲಜನಕವೇ ಇಲ್ಲದ ನೀರಿನಲ್ಲಿ ನಿಧಾನಕ್ಕೆ ಈಜಾಡಿಕೊಂಡು ಇರುತ್ತದೆ. ನಮ್ಮ ಮಿದುಳಿಗಾದರೆ ಕೆಲವೇ ನಿಮಿಷದ ಗಡುವು.

ಆಗ ಅದರ ರಕ್ತ ತೆಗೆದು ಪರೀಕ್ಷಿಸಿದರೆ 100 ಮಿಲಿಲೀಟರಿಗೆ 50 ಮಿಲಿಗ್ರಾಂಗೂ ಹೆಚ್ಚು ಆಲ್ಕೊಹಾಲ್ ಸಿಗಬಹುದು. ನಮ್ಮ ಮೋಟಾರು ವಾಹನ ಕಾಯ್ದೆ ಚಾಲಕರಿಗೆ ಹಾಕಿರುವ ಮಿತಿ 30 ಮಿಲಿಗ್ರಾಂ. ಶನಿವಾರ ರಾತ್ರಿ ಬೆಂಗಳೂರಿನ ಟ್ರಾಫಿಕ್ ಪೊಲೀಸರ ಕೈಗೆ ಸಿಕ್ಕರೆ ಮೀನು ನೇರ ಕೋರ್ಟಿಗೆ.

ಕುಡಿದದ್ದಲ್ಲ, ತಾನೇ ತಯಾರಿಸಿದ್ದು. ಯಾಕೆ ಎಂಬುದು ಹಳೆಯ ತಿಳಿವಳಿಕೆ. ಆಮ್ಲಜನಕ ಸಿಗದಾಗ ಸ್ನಾಯುಗಳು ಸಕ್ಕರೆಯನ್ನು ಅರ್ಧಂಬರ್ಧ ಒಡೆದು ಶಕ್ತಿ ಪಡೆಯುತ್ತವೆ, ಉಳಿಯುವುದು ಲ್ಯಾಕ್ಟಿಕ್ ಆಮ್ಲ. ಅದು ಏರಿದರೆ ಮೈಗೆ ವಿಷ. ಕ್ರೂಷಿಯನ್ ಗೆಂಡೆ ಆ ಕಸವನ್ನು ಆಲ್ಕೊಹಾಲ್ ಮಾಡಿ ಕಿವಿರಿನ ಮೂಲಕ ನೀರಿಗೆ ಬಿಟ್ಟುಬಿಡುತ್ತದೆ. ಅದರ ಹತ್ತಿರದ ಬಂಧುವಾದ ಗೋಲ್ಡ್‌ಫಿಶ್‌ಗೂ ಈ ವಿದ್ಯೆ ಗೊತ್ತು.

ಹೇಗೆ ಎಂಬುದು ಗೊತ್ತಾದದ್ದು 2017ರಲ್ಲಿ. ಓಸ್ಲೊ ವಿಶ್ವವಿದ್ಯಾಲಯದ ಕ್ಯಾಥರೀನ್ ಫಾಗರ್‌ನೆಸ್, ಯೊರಾನ್ ನಿಲ್ಸನ್ ಮತ್ತು ಲಿವರ್‌ಪೂಲಿನ ಮೈಕೆಲ್ ಬೆರೆನ್‌ಬ್ರಿಂಕ್ ತಂಡ ಆ ಮೀನಿನ ಸ್ನಾಯುವಿನಲ್ಲಿ ಒಂದು ವಿಚಿತ್ರ ಕಿಣ್ವ ಕಂಡಿತು. ಪ್ರತಿ ಪ್ರಾಣಿಯ ಜೀವಕೋಶದಲ್ಲೂ ಪೈರುವೇಟ್ ಡಿಹೈಡ್ರೋಜಿನೇಸ್ ಎಂಬ ದೊಡ್ಡ ಕಿಣ್ವ ಸಂಕೀರ್ಣವಿದೆ, ಸಕ್ಕರೆಯ ತುಣುಕನ್ನು ಆಮ್ಲಜನಕದ ಕುಲುಮೆಗೆ ಸಾಗಿಸುವುದು ಅದರ ಕೆಲಸ. ಈ ಮೀನಿನಲ್ಲಿ ಅದನ್ನು ತಯಾರಿಸುವ ಜೀನ್‌ಗಳು ಎರಡು ಸೆಟ್ ಇದ್ದವು. ಒಂದು ಸೆಟ್ ಎಂದಿನ ಕೆಲಸ ಮಾಡುತ್ತಿತ್ತು. ಇನ್ನೊಂದು ದಾರಿ ಬಿಟ್ಟು, ಯೀಸ್ಟ್ ಮಾಡುವ ಮದ್ಯ ತಯಾರಿಕೆಗೆ ಇಳಿದಿತ್ತು.

ಎರಡನೆಯ ಸೆಟ್ ಎಲ್ಲಿಂದ ಬಂತು? ಆ ಜೀನ್ ಒಂದೇ ಅಲ್ಲ. ಈ ಮೀನಿನ ಪೂರ್ವಿಕರಲ್ಲಿ ಒಮ್ಮೆ ಎಲ್ಲ ಜೀನ್‌ಗಳೂ, ಎಲ್ಲ ವರ್ಣತಂತುಗಳೂ ಒಟ್ಟೊಟ್ಟಿಗೇ ಇಮ್ಮಡಿಯಾಗಿದ್ದವು.

ಕುದುರೆ ಪ್ರೇಮಿಯ ಮೀನು ಲೆಕ್ಕ

ಸುಸುಮು ಓನೊ ಜಪಾನೀ ತಂದೆತಾಯಿಗೆ 1928ರಲ್ಲಿ ಸೋಲ್‌ನಲ್ಲಿ ಹುಟ್ಟಿದವರು. ಕುದುರೆಯ ಹುಚ್ಚು. ಕೆಲಸ ಮಾಡಿದ್ದು ಕ್ಯಾಲಿಫೋರ್ನಿಯಾದ ಸಿಟಿ ಆಫ್ ಹೋಪ್ ಸಂಸ್ಥೆಯಲ್ಲಿ. 1967ರಲ್ಲಿ ಅವರೂ ಸಂಗಡಿಗರೂ ಗೆಂಡೆ ಬಳಗದ ಮೀನುಗಳ ವರ್ಣತಂತು ಎಣಿಸಿ, ಡಿಎನ್‌ಎ ಅಳೆದರು. ಅಕ್ವೇರಿಯಂಗಳಲ್ಲಿ ಸಾಕುವ ಪಟ್ಟೆಪಟ್ಟೆಯ ಟೈಗರ್ ಬಾರ್ಬ್‌ನಲ್ಲಿ ವರ್ಣತಂತು 50ರ ಆಸುಪಾಸು. ಸಾಮಾನ್ಯ ಗೆಂಡೆ ಮತ್ತು ಗೋಲ್ಡ್‌ಫಿಶ್‌ನಲ್ಲಿ 100ರ ಆಸುಪಾಸು. ಡಿಎನ್‌ಎ ಕೂಡ ಎರಡರಷ್ಟು.

ಬೇರೆ ಯಾರಾದರೂ ಆಗಿದ್ದರೆ ಪಟ್ಟಿಗೆ ಎರಡು ಅಂಕಿ ಸೇರಿಸಿ ಮುಂದೆ ಹೋಗುತ್ತಿದ್ದರು. ಓನೊ ಅದರಿಂದ ಒಂದು ಸಿದ್ಧಾಂತವನ್ನೇ ಕಟ್ಟಿದರು. 1970ರಲ್ಲಿ ಬಂದ ಅವರ ಪುಸ್ತಕದ ವಾದ ಇಷ್ಟು: ನಿಸರ್ಗದ ಆಯ್ಕೆ ಹೊಸತನ್ನು ಸೃಷ್ಟಿಸುವುದಕ್ಕಿಂತ ಹಳೆಯದನ್ನು ಕಾಯುವುದರಲ್ಲೇ ಹೆಚ್ಚು ನಿಸ್ಸೀಮ. ಒಂದೇ ಪ್ರತಿ ಇರುವ ಜೀನ್ ಕೆಟ್ಟರೆ ಜೀವಿಯೇ ಹೋಗುತ್ತದೆ, ಆದ್ದರಿಂದ ಅದು ಬದಲಾಗುವಂತಿಲ್ಲ. ಎರಡನೆಯ ಪ್ರತಿ ಸಿಕ್ಕರೆ ಮಾತ್ರ ಬಿಡುಗಡೆ.

ಮಲೆನಾಡಿನ ಮನೆಯಲ್ಲಿ ಒಬ್ಬನೇ ಮಗನಿದ್ದರೆ ಅವನು ಗದ್ದೆ, ತೋಟ ಬಿಟ್ಟು ಕದಲುವಂತಿಲ್ಲ. ಇಬ್ಬರಿದ್ದರೆ ಒಬ್ಬ ಗದ್ದೆ ನೋಡಿಕೊಳ್ಳುತ್ತಾನೆ, ಇನ್ನೊಬ್ಬ ಯಕ್ಷಗಾನ ಮೇಳ ಸೇರಬಹುದು, ಬೆಂಗಳೂರು ಬಸ್ಸು ಹತ್ತಬಹುದು, ಏನೂ ಮಾಡದೆ ಹಾಳಾಗಿಯೂ ಹೋಗಬಹುದು. ದುಪ್ಪಟ್ಟಾದ ಜೀನ್‌ಗಳಲ್ಲಿ ಹೆಚ್ಚಿನವುಗಳ ಗತಿ ಆ ಕೊನೆಯದೇ. ಒಂದೊಂದಾಗಿ ಕೆಟ್ಟು, ಗುರುತೇ ಸಿಗದಂತೆ ಅಳಿಸಿಹೋಗುತ್ತವೆ.

ಉಳಿದವುಗಳಲ್ಲಿ ಕೆಲವು ಹಳೆಯ ಕೆಲಸವನ್ನೇ ಪಾಲು ಮಾಡಿಕೊಳ್ಳುತ್ತವೆ. ಇಲಿಯ ಒಂದೇ ಎನ್‌ಗ್ರೇಲ್ಡ್ ಜೀನ್ ಮುಂಗಾಲಿನ ಮೊಗ್ಗಿನಲ್ಲೂ ನರಕೋಶಗಳಲ್ಲೂ ದುಡಿಯುತ್ತದೆ. ಜೀಬ್ರಾಫಿಶ್‌ನಲ್ಲಿ ಅದರ ಎರಡು ಪ್ರತಿಗಳಿವೆ, ಒಂದು ಎದೆ ರೆಕ್ಕೆಗೆ, ಇನ್ನೊಂದು ನರಕ್ಕೆ. ಹೀಗೆ ಹಿಸ್ಸೆಯಾದ ಮೇಲೆ ಎರಡರಲ್ಲಿ ಯಾವುದನ್ನೂ ಕಳೆದುಕೊಳ್ಳುವಂತಿಲ್ಲ. ಅಮೆರಿಕದ ಫೋರ್ಸ್, ಲಿಂಚ್, ಪೋಸ್ಟಲ್‌ವೇಟ್ ಮತ್ತು ಸಂಗಡಿಗರು 1999ರಲ್ಲಿ ಇದನ್ನು ಬಿಡಿಸಿ ಹೇಳಿದರು. ಪೂರ್ತಿ ಹೊಸ ಕಸುಬು ಹಿಡಿಯುವ ಜೀನ್‌ಗಳು ಇನ್ನೂ ಅಪರೂಪ. ಕ್ರೂಷಿಯನ್ ಗೆಂಡೆಯ ಮದ್ಯದ ಕಿಣ್ವ ಆ ಪಂಗಡದ್ದು.

> ನಾವೂ ಇಮ್ಮಡಿಯವರೇ
>
> ಬೆನ್ನುಮೂಳೆ ಪ್ರಾಣಿಗಳ ಆದಿಪೂರ್ವಿಕರಲ್ಲಿ ಸುಮಾರು 50 ಕೋಟಿ ವರ್ಷಗಳ ಹಿಂದೆ ಜೀನೋಮ್ ಎರಡು ಸಲ ದುಪ್ಪಟ್ಟಾಯಿತು. ಹುಲಿ, ಹಾವು, ಮನುಷ್ಯ ಎಲ್ಲರೂ ಅದರ ವಾರಸುದಾರರು. ಇಂದಿನ ಬಹುತೇಕ ಮೂಳೆಮೀನುಗಳ ಪೂರ್ವಿಕರಲ್ಲಿ 30 ಕೋಟಿ ವರ್ಷಕ್ಕೂ ಹಿಂದೆ ಮೂರನೆಯ ಸಲ. ಗೆಂಡೆ ಮತ್ತು ಸಾಲ್ಮನ್ ಬಳಗಗಳಲ್ಲಿ ಬೇರೆ ಬೇರೆಯಾಗಿ ನಾಲ್ಕನೆಯ ಸಲ. ದೇಹದ ತಲೆ–ಬಾಲದ ನಕ್ಷೆ ಬರೆಯುವ ಹಾಕ್ಸ್ ಜೀನ್ ಗೊಂಚಲುಗಳನ್ನು ಎಣಿಸಿದರೆ ಇದು ಕಾಣುತ್ತದೆ: ಬೆನ್ನುಮೂಳೆಯಿಲ್ಲದ ಲ್ಯಾನ್ಸ್‌ಲೆಟ್‌ನಲ್ಲಿ 1, ಮನುಷ್ಯನಲ್ಲಿ 4, ಜೀಬ್ರಾಫಿಶ್‌ನಲ್ಲಿ 7, ಅಟ್ಲಾಂಟಿಕ್ ಸಾಲ್ಮನ್‌ನಲ್ಲಿ 13.

ಎರಡು ಕುಲ ಬೆರೆತಾಗ

ಸಾಮಾನ್ಯ ಗೆಂಡೆಯ ಜೀನೋಮನ್ನು ಚೀನಾದ ವಿಜ್ಞಾನಿಗಳು 2014ರಲ್ಲಿ ಮೊದಲ ಸಲ ಪ್ರಕಟಿಸಿದರು, 2019ರಲ್ಲಿ ಇನ್ನಷ್ಟು ನಿಖರವಾಗಿ. ಗೋಲ್ಡ್‌ಫಿಶ್‌ನದ್ದೂ 2019ರಲ್ಲೇ ಬಂತು. 100 ವರ್ಣತಂತುಗಳ ರಾಶಿಯನ್ನು ಬಿಡಿಸಿದಾಗ ಅದರಲ್ಲಿ ಎರಡು ಬೇರೆ ಬೇರೆ ವಂಶಗಳ ಜೀನೋಮ್ ಅಕ್ಕಪಕ್ಕ ಕೂತಿರುವುದು ಸ್ಪಷ್ಟವಾಯಿತು. ಅಂದರೆ ಒಂದು ಮೀನು ತನ್ನದೇ ಜೀನೋಮನ್ನು ಇಮ್ಮಡಿ ಮಾಡಿಕೊಂಡದ್ದಲ್ಲ, ಎರಡು ಪ್ರಭೇದಗಳ ಅಡ್ಡಸಂಬಂಧ.

ಅಡ್ಡತಳಿಗೆ ಸಾಮಾನ್ಯವಾಗಿ ಸಂತಾನಭಾಗ್ಯ ಇಲ್ಲ. ಮೊಟ್ಟೆ, ವೀರ್ಯ ತಯಾರಾಗುವಾಗ ಪ್ರತಿ ವರ್ಣತಂತುವೂ ತನ್ನ ಜೊತೆಗಾರನನ್ನು ಹುಡುಕಬೇಕು. ಅಪ್ಪನ ಕಡೆಯದು ಒಂದು ಕುಲ, ಅಮ್ಮನ ಕಡೆಯದು ಇನ್ನೊಂದು, ಜೋಡಿ ಕೂಡುವುದಿಲ್ಲ. ಕೋಶ ವಿಭಜನೆಯ ಎಡವಟ್ಟಿನಿಂದ ಎಲ್ಲ ವರ್ಣತಂತುಗಳೂ ದುಪ್ಪಟ್ಟಾದರೆ ಮಾತ್ರ ಪ್ರತಿಯೊಂದಕ್ಕೂ ಜೊತೆಗಾರ ಸಿಕ್ಕಿ, ಬಂಜೆ ಸಂಸಾರಕ್ಕೆ ಮಕ್ಕಳಾಗುತ್ತವೆ. ಗೆಂಡೆ ಬಳಗದಲ್ಲಿ ಹೀಗಾದದ್ದು 80 ಲಕ್ಷದಿಂದ 1.4 ಕೋಟಿ ವರ್ಷಗಳ ಹಿಂದೆ ಎಂದು ಬೇರೆ ಬೇರೆ ಲೆಕ್ಕಗಳು ಹೇಳುತ್ತವೆ.

ಗಿಡಗಳಲ್ಲಿ ಇದು ತೀರ ಮಾಮೂಲು. ಗೋಧಿ, ಹತ್ತಿ, ಹೊಗೆಸೊಪ್ಪು ಎಲ್ಲ ಹೀಗೇ ಹುಟ್ಟಿದವು. ನಮ್ಮ ರಾಗಿಯ 36 ವರ್ಣತಂತುಗಳಲ್ಲೂ ಎರಡು ಕಾಡುಹುಲ್ಲುಗಳ ಜೀನೋಮ್ ಸೇರಿಕೊಂಡಿದೆ. ಮುದ್ದೆಗೆ ಗೆಂಡೆ ಮೀನಿನ ಸಾರು ಕಲಸಿಕೊಂಡು ಉಣ್ಣುವವರು ದುಪ್ಪಟ್ಟಿಗೆ ದುಪ್ಪಟ್ಟು ನಂಚಿಕೊಂಡಂತಾಯಿತು.

ಜೋಡಿ ಬಾಲ, ಬೋಳು ಮೈ

ನಿಸರ್ಗ ಮಾಡಿಟ್ಟ ಈ ಹೆಚ್ಚುವರಿಯನ್ನು ಮನುಷ್ಯ ತಿಳಿಯದೆಯೇ ಬಾಚಿಕೊಂಡ. ಗೋಲ್ಡ್‌ಫಿಶ್ ಅದಕ್ಕೆ ಒಳ್ಳೆಯ ಸಾಕ್ಷಿ.

ಸುಮಾರು ಸಾವಿರ ವರ್ಷಗಳ ಹಿಂದೆ, ಸೋಂಗ್ ದೊರೆಗಳ ಕಾಲದ ಚೀನಾದಲ್ಲಿ, ಕೊಳದ ಬೂದು ಮೀನುಗಳ ನಡುವೆ ಕಂಡ ಕೆಂಪು–ಹೊನ್ನಿನ ಮರಿಗಳನ್ನು ಆರಿಸಿ ಸಾಕತೊಡಗಿದರು. ಮಿಂಗ್ ಕಾಲಕ್ಕೆ ಮೀನು ಕೊಳದಿಂದ ಪಿಂಗಾಣಿ ಬೋಗುಣಿಗೆ ಬಂತು. ಬೋಗುಣಿಯಲ್ಲಿ ಮೀನನ್ನು ನೋಡುವುದು ಮೇಲಿನಿಂದ. ಮೇಲಿನಿಂದ ಚೆಂದ ಕಾಣುವುದು ಇಬ್ಭಾಗವಾಗಿ ಬೀಸಣಿಗೆ ಬಿಚ್ಚಿದ ಬಾಲ. ಇಂದು ಅಕ್ವೇರಿಯಂ ಅಂಗಡಿಯ ಒರಾಂಡಾ, ರ್ಯೂಕಿನ್ ಮೀನುಗಳಿಗೆಲ್ಲ ಇರುವುದು ಅದೇ.

ತೈವಾನಿನ ಅಕಾಡೆಮಿಯಾ ಸಿನಿಕಾದ ಗೆಂಬು ಅಬೆ, ಕಿನ್ಯಾ ಓಟಾ ತಂಡ 2014ರಲ್ಲಿ ಈ ಬಾಲದ ಮೂಲ ಹಿಡಿಯಿತು. ಭ್ರೂಣದಲ್ಲಿ ಬೆನ್ನು ಯಾವ ಕಡೆ, ಹೊಟ್ಟೆ ಯಾವ ಕಡೆ ಎಂದು ತೀರ್ಮಾನಿಸುವ ಕಾರ್ಡಿನ್ ಎಂಬ ಜೀನ್‌ನ ಒಂದು ಪ್ರತಿ ನಡುವೆಯೇ ತುಂಡಾಗಿತ್ತು. ಜೀಬ್ರಾಫಿಶ್‌ನಲ್ಲಿ ಇರುವುದು ಒಂದೇ ಕಾರ್ಡಿನ್. ಅದು ಕೆಟ್ಟರೆ ಭ್ರೂಣದ ಬಾಲ ಕವಲೊಡೆಯುತ್ತದೆ ನಿಜ, ಆದರೆ ಮರಿ ಬಹುಪಾಲು ಬದುಕುವುದಿಲ್ಲ. ಗೋಲ್ಡ್‌ಫಿಶ್‌ನಲ್ಲಿ ಎರಡನೆಯ ಕಾರ್ಡಿನ್ ಜೀವ ಉಳಿಸುವಷ್ಟು ಕೆಲಸ ಮಾಡುತ್ತದೆ, ಬಾಲ ಮಾತ್ರ ಎರಡಾಗುತ್ತದೆ. ಡ್ರಾಯಿಂಗ್ ರೂಮಿನ ಆ ಸೊಬಗು ನಿಜಕ್ಕೂ ಸಾವಿನಿಂದ ತಪ್ಪಿಸಿಕೊಂಡ ಅಂಗವೈಕಲ್ಯ. ನಾವು ಅದನ್ನು ಜೋಡಿಗೆ ಇಷ್ಟು ಎಂದು ದರ ಹಾಕಿ ಮಾರುತ್ತೇವೆ.

ಯುರೋಪಿನಲ್ಲಿ ಇದೇ ಆಟ ಅಡುಗೆಮನೆಗಾಗಿ ನಡೆಯಿತು. ಸಾಮಾನ್ಯ ಗೆಂಡೆಯ ಹುರುಪೆ ಕೆರೆಯುವುದು ಬೇಸರದ ಕೆಲಸ. ಹುರುಪೆ ಕಡಿಮೆ ಇರುವ ಮರಿಗಳನ್ನೇ ಆರಿಸುತ್ತ ಹೋಗಿ, ಬೋಳು ಮೈಯಲ್ಲಿ ಅಲ್ಲೊಂದು ಇಲ್ಲೊಂದು ದೊಡ್ಡ ಹೊಳಪಿನ ಹುರುಪೆಯುಳ್ಳ ಕನ್ನಡಿ ಗೆಂಡೆ, ಅಂದರೆ ಮಿರರ್ ಕಾರ್ಪ್, ಬಂತು. ಇಲ್ಲಿ ಕೆಟ್ಟಿರುವುದು ಭ್ರೂಣದ ಬೆಳವಣಿಗೆಗೆ ಬೇಕೇಬೇಕಾದ ಎಫ್‌ಜಿಎಫ್‌ಆರ್1 ಜೀನ್‌ನ ಒಂದು ಪ್ರತಿ ಎಂದು 2009ರಲ್ಲಿ ಗೊತ್ತಾಯಿತು. ಇಲಿಯಲ್ಲಿ ಆ ಜೀನ್ ಪೂರ್ತಿ ಹೋದರೆ ಭ್ರೂಣ ರೂಪ ತಳೆಯುವ ಮೊದಲೇ ಸಾಯುತ್ತದೆ. ಗೆಂಡೆಯಲ್ಲಿ ಹೋದದ್ದು ಹುರುಪೆ ಮಾತ್ರ.

ಇದಕ್ಕೊಂದು ಬಾಲಂಗೋಚಿ ಉಂಟು. 1912ರಲ್ಲಿ ಫ್ರೆಂಚರು ಕನ್ನಡಿ ಗೆಂಡೆಯನ್ನು ಮಡಗಾಸ್ಕರಿಗೆ ಒಯ್ದರು. ಅಲ್ಲಿ ಅದು ಹೊಳೆ–ಸರೋವರ ಸೇರಿ ಕಾಡುಮೀನಾಯಿತು. ಇಂದು ಅಲ್ಲಿ ಮೈತುಂಬ ಹುರುಪೆಯ ಗೆಂಡೆಗಳು ಸಿಗುತ್ತವೆ. ಕೆಟ್ಟ ಜೀನ್ ರಿಪೇರಿಯಾಯಿತೇ ಎಂದು ನೋಡಿದರೆ ಅದು ಕೆಟ್ಟಂತೆಯೇ ಇದೆ! ಬೇರೆ ಜೀನ್‌ಗಳು ಸೇರಿ ಹುರುಪೆಯನ್ನು ಮರಳಿ ತಂದಿವೆ. ನೂರು ವರ್ಷ ವಿಕಾಸದ ಲೆಕ್ಕದಲ್ಲಿ ಕಣ್ಣು ಮಿಟುಕಿಸುವ ಹೊತ್ತು.

> ಗಂಡು ಬೇಕು, ಅವನ ಜೀನ್ ಬೇಡ
>
> ಗೋಲ್ಡ್‌ಫಿಶ್‌ನ ಇನ್ನೊಬ್ಬ ನೆಂಟ ಗಿಬೆಲ್ ಗೆಂಡೆ. ಇದರಲ್ಲಿ ವರ್ಣತಂತು 150ಕ್ಕೂ ಹೆಚ್ಚು. ಹಲವು ಕಡೆ ಇದರ ಹಿಂಡಿನಲ್ಲಿ ಬರೀ ಹೆಣ್ಣುಗಳು. ಬೇರೆ ಜಾತಿಯ ಗಂಡು ಮೀನಿನ ವೀರ್ಯ ಮೊಟ್ಟೆಯನ್ನು ಎಬ್ಬಿಸಿದರೆ ಸಾಕು, ಗಂಡಿನ ಜೀನ್‌ಗಳನ್ನು ಹೊರಗಿಟ್ಟು ತಾಯಿಯ ಪಡಿಯಚ್ಚಿನ ಮರಿ ಬೆಳೆಯುತ್ತದೆ. ವೂಹಾನಿನ ಜಲಜೀವ ವಿಜ್ಞಾನ ಸಂಸ್ಥೆಯ ಗುಯ್ ಜಿಯಾನ್‌ಫಾಂಗ್ ಬಳಗ ದಶಕಗಳಿಂದ ಇದರ ಬೆನ್ನು ಹತ್ತಿದೆ. ಚೀನಾದಲ್ಲಿ ಇದು ದೊಡ್ಡ ಪ್ರಮಾಣದಲ್ಲಿ ಸಾಕುವ ಮೀನು.

ನಮ್ಮ ಕೆರೆಗೆ ಬಂದ ನೂರರ ಗೆಂಡೆ

ಕನ್ನಡಿ ಗೆಂಡೆ ನಮ್ಮ ಪಕ್ಕಕ್ಕೂ ಬಂದದ್ದು ಹಳೆಯ ಸಂಗತಿ. 1939ರಲ್ಲಿ ಸಿಲೋನಿನಿಂದ ಊಟಿ ಕೆರೆಗೆ ತಂದು ಬಿಟ್ಟರು. 1957ರಲ್ಲಿ ಬ್ಯಾಂಕಾಕ್ ತಳಿ ಕಟಕ್ಕಿಗೆ ಬಂತು, ಬಯಲು ಸೀಮೆಯ ಕೆರೆಗಳಿಗೆ ಹರಡಿದ್ದು ಅದು.

ಇಂದು ಮಳೆಗಾಲದಲ್ಲಿ ಕೆರೆ ತುಂಬಿದಾಗ ಮೀನುಗಾರರ ಸಹಕಾರ ಸಂಘದವರು ಬಿತ್ತುವ ಮರಿಗಳಲ್ಲಿ ಕಾಟ್ಲಾ, ರೋಹು, ಮೃಗಾಲ್ ಜೊತೆಗೆ ಸಾಮಾನ್ಯ ಗೆಂಡೆ ಇದ್ದೇ ಇರುತ್ತದೆ. ಮೊದಲ ಮೂರಕ್ಕೂ ವರ್ಣತಂತು 50, ನಾಲ್ಕನೆಯದಕ್ಕೆ 100. ಕಾಟ್ಲಾ, ರೋಹು ಹರಿಯುವ ಹೊಸನೀರಿಗೆ ಮಾತ್ರ ಮೊಟ್ಟೆಯಿಡುತ್ತವೆ, ಮರಿ ಕೇಂದ್ರದಲ್ಲಾದರೆ ಹಾರ್ಮೋನ್ ಚುಚ್ಚಬೇಕು. ಸಾಮಾನ್ಯ ಗೆಂಡೆಗೆ ಅಂಥ ಬಿಗುಮಾನವಿಲ್ಲ. ನಿಂತ ನೀರಿನಲ್ಲೇ ಜಲಸಸ್ಯಗಳಿಗೆ ಮೊಟ್ಟೆ ಅಂಟಿಸುತ್ತದೆ. ಇವೆರಡು ಬಗೆಯನ್ನು ಅಡ್ಡ ಹಾಯಿಸಿದವರೂ ಉಂಟು. 25 ಮತ್ತು 50 ಸೇರಿ 75 ವರ್ಣತಂತುವಿನ ಬಂಜೆ ಮೀನು ಹುಟ್ಟಿತು.

ಸಾಕುವವರ ದೂರು ಬೇರೆ. ಗೆಂಡೆ ಮಾರುವ ತೂಕಕ್ಕೆ ಬರುವ ಮೊದಲೇ, ಆರೇಳು ತಿಂಗಳಿಗೇ, ಹೊಟ್ಟೆತುಂಬ ಮೊಟ್ಟೆ ಕಟ್ಟಿಕೊಂಡು ಬೆಳವಣಿಗೆ ನಿಲ್ಲಿಸುತ್ತದೆ. ಅದಕ್ಕೇ ಹಂಗೆರಿಯಿಂದ ತಡವಾಗಿ ಬಲಿಯುವ ಅಮೂರ್ ತಳಿಯನ್ನು ಬೆಂಗಳೂರು ಬಳಿಯ ಹೆಸರಘಟ್ಟಕ್ಕೆ ತಂದು ಪಳಗಿಸಿದರು.

ಹಾಗಾದರೆ ಜಗತ್ತಿನ ಅಷ್ಟೊಂದು ನೀರುಗಳನ್ನು ಗೆಂಡೆ ಗೆದ್ದದ್ದು ಈ ಇಮ್ಮಡಿ ಗಂಟಿನ ಬಲದಿಂದಲೇ? ಹಾಗೆಂದು ಬರೆದುಬಿಡುವುದು ಸುಲಭ, ಹಲವರು ಬರೆದಿದ್ದಾರೆ ಕೂಡ. ನನಗೆ ಅಷ್ಟು ನಂಬಿಕೆಯಿಲ್ಲ. ಕಾಶ್ಮೀರದ ಸರೋವರಗಳನ್ನು ನೋಡಿ. 1950ರ ದಶಕದಲ್ಲಿ ಅಲ್ಲಿಗೆ ಬಂದ ಸಾಮಾನ್ಯ ಗೆಂಡೆ ಸ್ಥಳೀಯ ಹಿಮ ಟ್ರೌಟ್‌ಗಳನ್ನು ಮೂಲೆಗೆ ತಳ್ಳಿತು. ಹಿಮ ಟ್ರೌಟ್ ಎಂದರೆ ಸೈಜೊಥೊರಾಕ್ಸ್. ಹೆಸರಿಗಷ್ಟೇ ಟ್ರೌಟ್, ಅದೂ ಗೆಂಡೆ ಬಳಗವೇ. ಅದರ ವರ್ಣತಂತುವೂ 100ರ ಹತ್ತಿರ. ಗೆದ್ದವನಿಗೂ ಸೋತವನಿಗೂ ಒಂದೇ ಆಸ್ತಿ.

ಸಾಲ್ಮನ್ ಬಳಗದ ಕಥೆ ಇನ್ನೂ ಸ್ಪಷ್ಟ. ಅವುಗಳ ಜೀನೋಮ್ ದುಪ್ಪಟ್ಟಾದದ್ದು ಸುಮಾರು 9–10 ಕೋಟಿ ವರ್ಷಗಳ ಹಿಂದೆ, ಡೈನೋಸಾರ್‌ಗಳ ಕಾಲದಲ್ಲಿ. ಆದರೆ ಬಳಗ ಕವಲೊಡೆದು ಬಗೆಬಗೆಯ ಪ್ರಭೇದಗಳಾದದ್ದು ಅದಾಗಿ 4–5 ಕೋಟಿ ವರ್ಷಗಳ ಮೇಲೆ, ಭೂಮಿ ತಣ್ಣಗಾಗುತ್ತಿದ್ದಾಗ. ಸ್ಕಾಟ್ಲೆಂಡಿನ ಮ್ಯಾಕ್ವೀನ್ ಮತ್ತು ಜಾನ್‌ಸ್ಟನ್ 2014ರಲ್ಲಿ ಈ ಅಂತರವನ್ನು ತೋರಿಸಿದರು. ಅದೇ ವರ್ಷ ಪ್ರಕಟವಾದ ಮಳೆಬಿಲ್ಲು ಟ್ರೌಟ್‌ನ ಜೀನೋಮ್‌ನಲ್ಲಿ ದುಪ್ಪಟ್ಟಾದ ಜೀನ್‌ಗಳ ಅರ್ಧದಷ್ಟು ಇನ್ನೂ ಜೋಡಿಯಾಗೇ ಉಳಿದಿದ್ದವು. ದುಪ್ಪಟ್ಟಾದ ಮರುಕ್ಷಣವೇ ಏನೂ ಆಗುವುದಿಲ್ಲ. ಹೆಚ್ಚುವರಿ ಜೀನ್ ಕೋಟಿಗಟ್ಟಲೆ ವರ್ಷ ಸುಮ್ಮನೆ ಬಿದ್ದಿರಬಹುದು. ಅದಕ್ಕೆ ತಕ್ಕ ಚಳಿ, ತಕ್ಕ ಕೊಳ, ತಕ್ಕ ಬೋಗುಣಿ ಒದಗಿ ಬರಬೇಕು.

ಕಾವೇರಿಯ ಗೂನುಬೆನ್ನು

ಶೃಂಗೇರಿಯ ತುಂಗಾ ತೀರದಲ್ಲಿ ಮಂಡಕ್ಕಿ ಎರಚಿದವರೆಲ್ಲ ಮಹಶೀರ್ ನೋಡಿದ್ದಾರೆ. ಹೆಸರು ಗೊತ್ತಿರಲಿಕ್ಕಿಲ್ಲ, ಅಲ್ಲಿ ಅವು ದೇವರ ಮೀನು. ದಕ್ಷಿಣ ಕನ್ನಡದ ಶಿಶಿಲದಲ್ಲೂ ಹಾಗೆಯೇ, ಹಿಡಿಯುವಂತಿಲ್ಲ. ಟಾರ್ ಕುಲದ ಈ ಮೀನುಗಳ ವರ್ಣತಂತುಗಳನ್ನು ಎಣಿಸಿದವರಲ್ಲಿ ಪಶ್ಚಿಮ ಬಂಗಾಳದ ಎ. ಆರ್. ಖುದಾ ಬಕ್ಷ್ ಮೊದಲಿಗರು. 1980ರಲ್ಲಿ ಹಿಮಾಲಯದ ಮಹಶೀರ್‌ನಲ್ಲಿ 100 ಕಂಡರು. ಪಶ್ಚಿಮ ಘಟ್ಟದ ಟಾರ್ ಖುದ್ರೀಗೂ 100. ಸಾಮಾನ್ಯ ಗೆಂಡೆಯದ್ದೂ 100 ಎಂದ ಮಾತ್ರಕ್ಕೆ ಇವೆರಡೂ ಒಂದೇ ಘಟನೆಯ ಕೂಸುಗಳಲ್ಲ. ಮಹಶೀರ್ ಬಳಗದ ಇಮ್ಮಡಿ ಬೇರೆಯದೇ ಅಡ್ಡಸಂಬಂಧದಿಂದ ಬಂದದ್ದೆಂದು ವಂಶವೃಕ್ಷದ ಅಧ್ಯಯನಗಳು ಹೇಳುತ್ತವೆ.

ಈ ಕುಲದ ದೈತ್ಯ ಇರುವುದು ಕಾವೇರಿ ಕಣಿವೆಯಲ್ಲಿ, ಗೂನುಬೆನ್ನಿನ ಮಹಶೀರ್. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಡಿ ವೆಟ್ ಕಬಿನಿಯಲ್ಲಿ ಗಾಳ ಹಾಕಿ ಎತ್ತಿದ ಮೀನು 120 ಪೌಂಡ್, ಹೆಚ್ಚೂಕಡಿಮೆ 54 ಕಿಲೊ. ಇಷ್ಟು ಹೆಸರಾಂತ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು ಗೊತ್ತಾಗಲು 2018 ಬರಬೇಕಾಯಿತು. ಕೇರಳದ ಪಾಂಬಾರ್ ನದಿಯಿಂದ 2007ರಲ್ಲಿ ವರ್ಣಿಸಿದ್ದ ಟಾರ್ ರೆಮಾದೇವಿಯೇ ಇದು ಎಂದು ಖಚಿತವಾದದ್ದು ಆಗ. ಅದೇ ವರ್ಷ ಅದು ತೀವ್ರ ಅಳಿವಿನಂಚಿನ ಪಟ್ಟಿಗೂ ಸೇರಿತು.

ಮಹಶೀರ್ ಕಡಿಮೆಯಾಗುತ್ತಿದೆ ಎಂಬ ಕಾಳಜಿಯಿಂದಲೇ 1970ರ ದಶಕದ ನಂತರ ಕಾವೇರಿಗೆ ಮರಿಗಳನ್ನು ಬಿಟ್ಟಿದ್ದರು. ಬಿಟ್ಟದ್ದು ಲೋಣಾವಳದ ಟಾಟಾ ಮರಿ ಕೇಂದ್ರದ ಟಾರ್ ಖುದ್ರೀ, ಕೃಷ್ಣಾ ಕಣಿವೆಯ ಮೀನು. ಅದು ಕಾವೇರಿಗೆ ಚೆನ್ನಾಗಿ ಒಗ್ಗಿಕೊಂಡಿತು. ಗಾಲಿಬೋರೆ ಶಿಬಿರದಲ್ಲಿ 1998ರಿಂದ 2012ರವರೆಗೆ ಗಾಳಗಾರರು ಹಿಡಿದು ಬಿಟ್ಟ ಮೀನುಗಳ ಲೆಕ್ಕಪುಸ್ತಕ ಉಳಿದಿದೆ. ಅದರಲ್ಲಿ ವರ್ಷದಿಂದ ವರ್ಷಕ್ಕೆ ನೀಲಿರೆಕ್ಕೆಯ ಖುದ್ರೀ ಏರುತ್ತದೆ, ಗೂನುಬೆನ್ನು ಇಳಿಯುತ್ತದೆ. ಹಿಡಿದವರು ಎರಡನ್ನೂ ಮಹಶೀರ್ ಎಂದೇ ಒಟ್ಟು ಮಾಡಿ ಕೂಡಿದ್ದರೆ ನದಿಯಲ್ಲಿ ಮೀನು ಹೆಚ್ಚುತ್ತಿದೆ ಎಂದು ಖುಷಿಪಡಬಹುದಿತ್ತು. ಕಾವೇರಿಯ ಮೂಲ ತಳಿಯನ್ನು ಬೆಳೆಸಬೇಕೆಂದರೆ ಈಗ ತಾಯಿಮೀನುಗಳನ್ನು ಹುಡುಕಿಕೊಂಡು ಹೋಗಬೇಕಾದದ್ದು ಅದರ ಉಪನದಿಯ ಉಪನದಿಗೆ, ಬಂಡೀಪುರ–ಮುದುಮಲೆ ಕಾಡುಗಳ ಅಂಚಿನಲ್ಲಿ ಹರಿಯುವ ಮೋಯಾರಿಗೆ.